ಕಾಲಿನ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಕಾಯಬೇಕಾದ ನಲವತ್ತು ದಿನ

ಶಿರಸಿ ಸೀಮೆಯ ಮನೆಗಳಲ್ಲಿ ಜುಲೈ ಬರುವ ಹೊತ್ತಿಗೆ ಅಂಗಳದ ಚಿರೆಕಲ್ಲಿನ ಮೇಲೆ ಪಾಚಿ ಕೂತಿರುತ್ತದೆ. ಕೊಟ್ಟಿಗೆಯಿಂದ ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಯ ದಾರಿಯಲ್ಲಿ ನಮ್ಮ ಅಮ್ಮ ಜಾರಿ ಬಿದ್ದು ತೊಡೆಮೂಳೆಯನ್ನು ಸೊಂಟದ ಕೀಲಿನ ಬುಡದಲ್ಲೇ ಮುರಿದುಕೊಂಡದ್ದು ಅಂಥ ಒಂದು ಬೆಳಿಗ್ಗೆ. ಜಿಲ್ಲೆಯ ಹೊರಗಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ಆರನೆಯ ದಿನ ಮನೆಗೆ ಹೊರಟಾಗ ನಮ್ಮ ಕೈಯಲ್ಲಿದ್ದದ್ದು ಒಂದು ಚೀಲ ಮಾತ್ರೆ, ಇಂಗ್ಲಿಷಿನಲ್ಲಿ ಬರೆದ ಬಿಡುಗಡೆ ಪತ್ರ ಮತ್ತು ‘ಹೊಲಿಗೆ ಬಿಚ್ಚಿಸಲು ಬನ್ನಿ’ ಎಂಬ ಒಂದು ಮಾತು. ಮನೆಗೆ ಬಂದ ದಿನಕ್ಕೂ ಹೊಲಿಗೆ ಬಿಚ್ಚಿಸುವ ದಿನಕ್ಕೂ ನಡುವೆ ಏನನ್ನು ನೋಡಬೇಕು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ಯಾರೂ ಕೂತು ಹೇಳಿರಲಿಲ್ಲ.

ಕಾಲಿನ ಶಸ್ತ್ರಚಿಕಿತ್ಸೆಯ ತೊಡಕುಗಳಲ್ಲಿ ಹೆಚ್ಚಿನವು ಆಪರೇಷನ್ ಥಿಯೇಟರಿನಲ್ಲಿ ಆಗುವಂಥವಲ್ಲ. ಅವು ಆಮೇಲಿನ ದಿನಗಳಲ್ಲಿ, ಒಂದೊಂದೂ ತನ್ನದೇ ಆದ ಹೊತ್ತಿಗೆ ಬರುತ್ತವೆ. ಮೊದಲ ಎರಡು ದಿನದ ಅಪಾಯ ಬೇರೆ, ಎರಡನೆಯ ವಾರದ್ದು ಬೇರೆ, ಮೂರನೆಯ ತಿಂಗಳಿನದು ಬೇರೆ. ಇವೆಲ್ಲಕ್ಕೂ ಅನ್ವಯಿಸುವ ಒಂದು ಅಳತೆಗೋಲಿದೆ. ನೋವು, ಬಾವು, ಬಿಸಿ ಈ ಮೂರೂ ಒಟ್ಟಾರೆ ದಿನದಿಂದ ದಿನಕ್ಕೆ ಇಳಿಮುಖವಾಗಿರಬೇಕು. ವ್ಯಾಯಾಮ ಮಾಡಿಸಿದ ದಿನ ಸಂಜೆ ತುಸು ಹೆಚ್ಚಾಗಿ ರಾತ್ರಿ ಕಾಲನ್ನು ಎತ್ತರಿಸಿಟ್ಟು ಮಲಗಿದ ಮೇಲೆ ಬೆಳಿಗ್ಗೆ ಇಳಿದರೆ ಅದು ಸಹಜ. ಆದರೆ ಇಳಿಯುತ್ತಿದ್ದದ್ದು ಮತ್ತೆ ಏರತೊಡಗಿದರೆ, ಅಥವಾ ನಿನ್ನೆ ಇಲ್ಲದ ಜಾಗದಲ್ಲಿ ಇಂದು ನೋವು ಕಾಣಿಸಿಕೊಂಡರೆ, ಅದಕ್ಕೊಂದು ಕಾರಣ ಇದ್ದೇ ಇದೆ.

ಉತ್ತರ ಕನ್ನಡದಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿ. ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದ್ದರೂ ದೊಡ್ಡ ಶಸ್ತ್ರಚಿಕಿತ್ಸೆ ಎಂದಾಗ ಘಟ್ಟದ ಮೇಲಿನವರು ಹುಬ್ಬಳ್ಳಿಗೂ, ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿಗೂ, ಕಾರವಾರದ ಅನೇಕರು ಗೋವಾಕ್ಕೂ ಹೋಗುವುದು ರೂಢಿ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. ಅದರ ಚರ್ಚೆ ಇಲ್ಲಿ ಬೇಡ. ನಮಗೆ ಮುಖ್ಯವಾದದ್ದು ಇಷ್ಟೇ: ಆಪರೇಷನ್ ಮಾಡಿದ ವೈದ್ಯರು ಬಹಳ ದೂರದಲ್ಲಿರುತ್ತಾರೆ, ನಡುವೆ ಘಟ್ಟವೋ ಹೊಳೆಯೋ ಇರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಇಂಥ ಊರಿನಲ್ಲಿ ‘ನಾಳೆ ನೋಡೋಣ’ ಎಂದು ತಳ್ಳುವ ಮುನ್ನ, ತಳ್ಳಬಹುದಾದದ್ದು ಯಾವುದು, ತಳ್ಳಬಾರದ್ದು ಯಾವುದು ಎಂಬ ತಿಳಿವಳಿಕೆ ಮನೆಯವರಿಗೇ ಇರಬೇಕಾಗುತ್ತದೆ.

ತಾಸುಗಳ ಲೆಕ್ಕದಲ್ಲಿ ಅಳೆಯಬೇಕಾದ ಅಪಾಯದಿಂದ ಪ್ರಾರಂಭಿಸುತ್ತೇನೆ. ಮೊಣಕಾಲಿನ ಕೆಳಗೆ ಸ್ನಾಯುಗಳು ನಾಲ್ಕು ಕೋಣೆಗಳಲ್ಲಿ ಕೂತಿವೆ. ಕೋಣೆಯ ಗೋಡೆಗಳು ಹಿಗ್ಗದ ಗಟ್ಟಿ ಪೊರೆಯವು. ಮೊಣಕಾಲಿನ ಕೆಳಗಿನ ಮೂಳೆ ಮುರಿದಾಗ ಅಥವಾ ಅಲ್ಲಿ ಶಸ್ತ್ರಚಿಕಿತ್ಸೆ ಆದಾಗ ಒಳಗೆ ರಕ್ತವೂ ಬಾವೂ ತುಂಬಿದರೆ ಹಿಗ್ಗಲು ಜಾಗವಿಲ್ಲದೆ ಒತ್ತಡ ಏರುತ್ತದೆ, ಸ್ನಾಯುವಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಹೊರಗಿನಿಂದ ಬಿಗಿಯಾದ ಪ್ಲಾಸ್ಟರ್ ಕೂಡ ಇದನ್ನೇ ಮಾಡಬಲ್ಲದು. ಇದರ ಗುರುತು ನೋವು, ಅದೂ ಗಾಯದ ಪ್ರಮಾಣಕ್ಕೆ ಮೀರಿದ, ನೋವಿನ ಚುಚ್ಚುಮದ್ದಿಗೂ ಬಗ್ಗದ, ಗಂಟೆಗಂಟೆಗೆ ಏರುವ ನೋವು. ಕಾಲ್ಬೆರಳನ್ನು ಬೇರೆಯವರು ಮೆಲ್ಲನೆ ಮೇಲಕ್ಕೆ ಬಗ್ಗಿಸಿದರೆ ಮೀನಖಂಡದ ಆಳದಲ್ಲಿ ತಡೆಯಲಾರದ ನೋವಾಗುತ್ತದೆ. ಕಾಲು ಮುಟ್ಟಿದರೆ ಮರದ ಹಲಗೆಯಂತೆ ಬಿಗಿದಿರುತ್ತದೆ. ಬೆರಳ ಸಂದುಗಳಲ್ಲಿ ಜುಮ್ಮು ಹಿಡಿಯುತ್ತದೆ. ಪಾದದ ನಾಡಿ ಸಿಗುತ್ತಿದೆಯಲ್ಲ ಎಂದು ಸುಮ್ಮನಿರುವಂತಿಲ್ಲ, ಏಕೆಂದರೆ ನಾಡಿ ನಿಲ್ಲುವುದು ಎಲ್ಲಕ್ಕಿಂತ ಕಡೆಗೆ. ಆರರಿಂದ ಎಂಟು ತಾಸು ಕಳೆದರೆ ಸ್ನಾಯು ಮತ್ತೆ ಚೇತರಿಸಿಕೊಳ್ಳಲಾರದಷ್ಟು ಸಾಯಬಹುದು. ಪೊರೆಯನ್ನು ಸೀಳಿ ಒತ್ತಡ ಇಳಿಸುವುದೊಂದೇ ಚಿಕಿತ್ಸೆ. ಈ ಅನುಮಾನ ಬಂದಾಗ ಕಾಲನ್ನು ದಿಂಬುಗಳ ಮೇಲೆ ಎತ್ತರಿಸಬಾರದು, ಎದೆಯ ಮಟ್ಟದಲ್ಲಿಡಬೇಕು, ಪ್ಲಾಸ್ಟರ್ ಅಥವಾ ಬ್ಯಾಂಡೇಜನ್ನು ಉದ್ದಕ್ಕೂ ಸೀಳಿಸಲು ಹತ್ತಿರದ ಆಸ್ಪತ್ರೆಗೆ ಆ ಹೊತ್ತಿಗೇ ಹೊರಡಬೇಕು. ದಿನಕ್ಕೆ ನಾಲ್ಕಾರು ಬಾರಿ ಎರಡೂ ಪಾದಗಳನ್ನು ಪಕ್ಕಪಕ್ಕದಲ್ಲಿ ನೋಡುವ ರೂಢಿ ಒಳ್ಳೆಯದು. ಬೆರಳುಗಳು ಸಮನಾಗಿ ಬೆಚ್ಚಗಿವೆಯೇ, ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆಯೇ, ತಾವಾಗಿಯೇ ಆಡಿಸಬಲ್ಲರೇ ಎಂದು ನೋಡಲು ಎರಡು ನಿಮಿಷ ಸಾಕು.

ತೊಡೆಮೂಳೆಯಂಥ ಉದ್ದ ಮೂಳೆ ಮುರಿದ ಒಂದರಿಂದ ಮೂರು ದಿನಗಳಲ್ಲಿ ಮೂಳೆಯ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶವನ್ನು ಕಾಡುವುದೂ ಉಂಟು. ಉಬ್ಬಸ, ಗಲಿಬಿಲಿಯ ಮಾತು, ಎದೆ ಮತ್ತು ಕಂಕುಳಿನ ಬಳಿ ಕೆಂಪು ಚುಕ್ಕೆಗಳು ಅದರ ಲಕ್ಷಣ. ಆ ಹೊತ್ತಿಗೆ ರೋಗಿ ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ಇರುವುದರಿಂದ ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಮನೆಯವರು ನಿಜವಾಗಿ ಕಾಯಬೇಕಾದದ್ದು ರಕ್ತ ಹೆಪ್ಪುಗಟ್ಟುವುದನ್ನು. 19ನೆಯ ಶತಮಾನದ ಜರ್ಮನ್ ರೋಗವಿಜ್ಞಾನಿ ರುಡಾಲ್ಫ್ ಫಿರ್ಖೋ ಅವರ ಹೆಸರಿನೊಂದಿಗೆ ಮೂರು ಕಾರಣಗಳ ಒಂದು ಕೂಟವನ್ನು ವೈದ್ಯರು ಇಂದಿಗೂ ಹೇಳುತ್ತಾರೆ: ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚಾಗುವುದು. ಕಾಲಿನ ಶಸ್ತ್ರಚಿಕಿತ್ಸೆಯಲ್ಲಿ ಈ ಮೂರೂ ಒಟ್ಟಿಗೆ ಬಂದು ಕೂರುತ್ತವೆ. ಕಾಲಿನ ರಕ್ತ ಎದೆಯತ್ತ ಏರಬೇಕಾದರೆ ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ಅಭಿಧಮನಿಯನ್ನು ಹಿಂಡಬೇಕು. ಒಳಗಿನ ಕವಾಟಗಳು ಅದು ಮತ್ತೆ ಕೆಳಗಿಳಿಯದಂತೆ ತಡೆಯುತ್ತವೆ. ನಡಿಗೆ ನಿಂತರೆ ಪಂಪು ನಿಂತಂತೆ. ತೋಟದ ಬಸಿಗಾಲುವೆಯಲ್ಲಿ ನೀರು ಹರಿಯದೆ ನಿಂತ ಕಡೆ ಹೂಳು ಕೂರುವ ಹಾಗೆ ಆಳದ ನಾಳದಲ್ಲಿ ಹೆಪ್ಪು ಕೂರುತ್ತದೆ. ಅಲ್ಲೇ ಇದ್ದರೆ ಕಾಲು ಊದಿ ನೋಯುತ್ತದೆ. ತುಂಡಾಗಿ ಕಿತ್ತುಹೋಗಿ ಶ್ವಾಸಕೋಶದ ರಕ್ತನಾಳಕ್ಕೆ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಕುತ್ತು.

ಇದನ್ನು ತಡೆಯಲು ಕೊಡುವ ಔಷಧದ ಅವಧಿಯ ಬಗ್ಗೆಯೇ ಹೆಚ್ಚು ಎಡವಟ್ಟಾಗುತ್ತದೆ. ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ಸಾಮಾನ್ಯವಾಗಿ ನಾಲ್ಕರಿಂದ ಐದು ವಾರ, ಮೊಣಕಾಲಿನ ಕೀಲು ಬದಲಾವಣೆಯಾದರೆ ಸುಮಾರು ಎರಡು ವಾರ ಕೊಡುತ್ತಾರೆ. ಅದು ಹೊಟ್ಟೆಯ ಚರ್ಮದಡಿ ಚುಚ್ಚುವ ಎನಾಕ್ಸಾಪರಿನ್ ಆಗಿರಬಹುದು, ರಿವಾರೊಕ್ಸಾಬಾನ್ ಅಥವಾ ಎಪಿಕ್ಸಾಬಾನ್ ಮಾತ್ರೆ ಆಗಿರಬಹುದು, ಕೆಲವರಿಗೆ ಆಸ್ಪಿರಿನ್ ಆಗಿರಬಹುದು. ಅಮ್ಮನ ಚೀಟಿಯಲ್ಲಿ ಚುಚ್ಚುಮದ್ದು ಮುಂದುವರಿಸಬೇಕೆಂದು ಬರೆದಿತ್ತು. ಆದರೆ ಅದನ್ನು ಮನೆಯಲ್ಲಿ ಚುಚ್ಚುವವರು ಯಾರೆಂದು ಆಸ್ಪತ್ರೆಯವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ‘ಇಂಜೆಕ್ಷನ್ನೆಲ್ಲ ಆಸ್ಪತ್ರೆಗೇ ಮುಗಿಯಿತು’ ಎಂದುಕೊಂಡು ಮಾತ್ರೆಗಳನ್ನಷ್ಟೇ ಕೊಡುತ್ತ ಹೋದೆವು.

ಹನ್ನೆರಡನೆಯ ದಿನ ಬೆಳಿಗ್ಗೆ ಅಮ್ಮ ಮೀನಖಂಡ ಹಿಡಿದುಕೊಂಡಂತಾಗಿದೆ ಎಂದಳು. ನೋಡಲು ಬಂದಿದ್ದ ಸಂಬಂಧಿಕರೊಬ್ಬರು ಬೆಚ್ಚಗಿನ ಎಣ್ಣೆ ಹಚ್ಚಿ ನೀವಿದರೆ ಸಡಿಲವಾಗುತ್ತದೆ ಎಂದು ಬಟ್ಟಲು ತರಲು ಹೇಳಿಯಾಗಿತ್ತು. ಪುಣ್ಯಕ್ಕೆ ತಂಗಿ ಹೊಲಿಗೆಯ ಮೆಷಿನ್ನಿನ ಡ್ರಾಯರಿನಿಂದ ಟೇಪು ತಂದಳು. ಮೊಣಕಾಲ ಚಿಪ್ಪಿನ ಕೆಳಗೆ, ಮುಂಗಾಲಿನ ಮೂಳೆ ಗಂಟಿನಂತೆ ಕೈಗೆ ಸಿಗುವ ಜಾಗದಿಂದ ಹತ್ತು ಸೆಂಟಿಮೀಟರ್ ಕೆಳಗೆ ಪೆನ್ನಿನಿಂದ ಎರಡೂ ಕಾಲಿಗೆ ಗುರುತು ಮಾಡಿ ಸುತ್ತಳತೆ ತೆಗೆದಾಗ ಒಂದು 30, ಇನ್ನೊಂದು 34 ಸೆಂಟಿಮೀಟರ್. ಎರಡು ಮೀನಖಂಡಗಳ ನಡುವೆ ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈದ್ಯರು ಹೆಪ್ಪುಗಟ್ಟಿರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು, ಔಷಧದಿಂದ ವಾಸಿಯೂ ಆಯಿತು. ಆ ಎಣ್ಣೆಯ ಬಟ್ಟಲನ್ನು ನೆನೆಸಿಕೊಂಡರೆ ಮಾತ್ರ ಈಗಲೂ ಮೈ ಜುಂ ಎನ್ನುತ್ತದೆ: ಹೆಪ್ಪು ಕೂತ ಕಾಲನ್ನು ತಿಕ್ಕುವುದೆಂದರೆ ಅದನ್ನು ಕಿತ್ತು ಶ್ವಾಸಕೋಶದ ಕಡೆ ಕಳಿಸುವ ಅಪಾಯವನ್ನು ಕೈಯಾರೆ ತಂದುಕೊಂಡಂತೆ.

ಟೇಪಿನ ಅಳತೆ ರೋಗ ನಿರ್ಣಯವಲ್ಲ. ಆಪರೇಷನ್ ಆದ ಕಾಲು ಹೇಗೂ ತುಸು ಊದಿಕೊಂಡಿರುತ್ತದೆ, ಹೆಪ್ಪುಗಟ್ಟಿಯೂ ಏನೂ ತೋರದ ಕಾಲುಗಳೂ ಇವೆ. ಅದರ ಉಪಯೋಗ ಏರಿಕೆಯನ್ನು ಹಿಡಿಯುವುದರಲ್ಲಿದೆ. ಮನೆಗೆ ಬಂದ ದಿನವೇ ಅಳೆದು ಕ್ಯಾಲೆಂಡರಿನ ಚೌಕದಲ್ಲಿ ಬರೆದಿಟ್ಟರೆ ಮಾತ್ರ ಮುಂದಿನ ಅಳತೆಗೆ ಅರ್ಥ. ಒಂದೇ ಕಾಲಿನ ಬಾವು ಹೆಚ್ಚುವುದು, ಮೀನಖಂಡದಲ್ಲೋ ತೊಡೆಯ ಒಳಭಾಗದಲ್ಲೋ ಹೊಸ ನೋವು, ಬಿಸಿ, ಬಣ್ಣದ ಬದಲಾವಣೆ ಇದ್ದರೆ ಅಂದೇ ಡಾಪ್ಲರ್ ಆಗಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಆಳವಾಗಿ ಉಸಿರೆಳೆದಾಗ ಎದೆಯಲ್ಲಿ ಚುಚ್ಚುವುದು, ಕೆಮ್ಮಿನಲ್ಲಿ ರಕ್ತ, ಎದೆಬಡಿತದ ಓಟ, ಕಣ್ಣು ಕತ್ತಲೆ ಬಂದು ಬೀಳುವುದು ಇವುಗಳಲ್ಲಿ ಒಂದು ಕಂಡರೂ ಸ್ಕ್ಯಾನು, ಅಪಾಯಿಂಟ್‌ಮೆಂಟು ಎನ್ನದೆ 108ಕ್ಕೆ ಕರೆ ಮಾಡಬೇಕು. ಆಪರೇಷನ್ ಮಾಡಿದ ದೂರದ ಆಸ್ಪತ್ರೆಗೆ ಅಲ್ಲ, ಆಮ್ಲಜನಕವೂ ತುರ್ತು ಚಿಕಿತ್ಸೆಯೂ ಸಿಗುವ ಅತ್ಯಂತ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಕೋವಿಡ್ ಕಾಲದ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬಳಸಬಹುದು. ಆದರೆ ಅಂಕಿ ಚೆನ್ನಾಗಿದೆಯೆಂದು ಏದುಸಿರು ಬಿಡುತ್ತಿರುವವರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು.

ತಡೆಯ ಕೆಲಸದಲ್ಲಿ ಔಷಧದಷ್ಟೇ ಬೆಲೆ ಚಲನೆಗಿದೆ. ವೈದ್ಯರು ಬೇಡವೆಂದಿಲ್ಲದಿದ್ದರೆ, ಎಚ್ಚರವಿದ್ದಾಗಲೆಲ್ಲ ತಾಸಿಗೊಮ್ಮೆ ಹತ್ತಿಪ್ಪತ್ತು ಸಲ ಪಾದವನ್ನು ಮುಂದಕ್ಕೆ ಹಿಂದಕ್ಕೆ ಮಡಚಿ ಬಿಡಿಸಿದರೆ ಮಲಗಿದಲ್ಲೇ ಆ ಪಂಪು ಸ್ವಲ್ಪವಾದರೂ ಕೆಲಸ ಮಾಡುತ್ತದೆ. ಆಸ್ಪತ್ರೆಯಿಂದ ಊರಿಗೆ ಬರುವ ದೂರದ ಕಾರಿನ ಪ್ರಯಾಣದಲ್ಲಿ ಇದನ್ನು ಮರೆಯಬಾರದು. ತಾಸಿಗೊಮ್ಮೆ ಗಾಡಿ ನಿಲ್ಲಿಸಿ ಕಾಲಿಟ್ಟ ಭಂಗಿಯನ್ನು ಬದಲಿಸಬೇಕು. ಇನ್ನೊಂದು ಸಂಗತಿಯನ್ನು ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. ಪದೇ ಪದೇ ಬಚ್ಚಲಿಗೆ ಕರೆದುಕೊಂಡು ಹೋಗಿ ಎಂದು ಮಕ್ಕಳನ್ನೋ ಸೊಸೆಯನ್ನೋ ಕೇಳುವ ಸಂಕೋಚಕ್ಕೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೈಯಲ್ಲಿ ನೀರು ಕಡಿಮೆಯಾದರೆ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು, ನೋವಿನ ಮಾತ್ರೆಗಳಿಂದ ಮೊದಲೇ ಇರುವ ಮಲಬದ್ಧತೆಯೂ ಹೆಚ್ಚು. ಹಾಸಿಗೆಯ ಪಕ್ಕದಲ್ಲಿ ಕಮೋಡ್ ಕುರ್ಚಿ ಇಟ್ಟ ದಿನದಿಂದ ಅಮ್ಮನ ಚೊಂಬು ಖಾಲಿಯಾಗತೊಡಗಿತು.

ಹೆಪ್ಪು ತಡೆಯುವ ಔಷಧಕ್ಕೆ ಅದರದೇ ಒಂದು ಬೆಲೆಯಿದೆ: ರಕ್ತಸ್ರಾವ. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ನೋವು ತಡೆಯಲಾಗದೆ ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ಮಾತ್ರೆ ತಂದು ನುಂಗುವುದು ಈ ಅಪಾಯವನ್ನು ಏರಿಸುತ್ತದೆ, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ.

ಇನ್ನು ಗಾಯ. ಮೊದಲ ಎರಡು ದಿನ ಸಣ್ಣ ಜ್ವರ ಬರುವುದು ಸಾಮಾನ್ಯ. ಅದು ಹೆಚ್ಚಾಗಿ ಶಸ್ತ್ರಚಿಕಿತ್ಸೆಗೆ ದೇಹ ತೋರುವ ಪ್ರತಿಕ್ರಿಯೆ. ಮೂರನೆಯ ದಿನದ ನಂತರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಜ್ವರ, ಚಳಿ, ಗಾಯದ ಸುತ್ತ ಹರಡುತ್ತ ಹೋಗುವ ಕೆಂಪು, ಕೀವು, ದುರ್ನಾತ, ಒಮ್ಮೆ ಒಣಗಿ ಮತ್ತೆ ಸೋರತೊಡಗುವ ಗಾಯ ಇವು ಸೋಂಕಿನ ಕುರುಹು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಣ್ಣಿಗೆ ಬೀಳದೇ ಹೋಗಬಹುದು. ಆಗ ಕೈಯ ಹಿಂಬದಿಯಿಂದ ಎರಡೂ ಕಾಲನ್ನು ಮುಟ್ಟಿ ಬಿಸಿಯನ್ನು ಹೋಲಿಸಬೇಕು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಫೋಟೋ ತೆಗೆದಿಟ್ಟುಕೊಂಡರೆ, ಅದು ಗೆರೆ ದಾಟಿತೋ ಇಲ್ಲವೋ ಎಂಬುದನ್ನು ದೂರದ ವೈದ್ಯರಿಗೂ ತೋರಿಸಬಹುದು. ಶಸ್ತ್ರಚಿಕಿತ್ಸೆಯ ಸೋಂಕಿಗೆ ವೈದ್ಯರು 30 ದಿನ ಕಣ್ಣಿಡುತ್ತಾರೆ. ಒಳಗೆ ರಾಡು, ಪ್ಲೇಟು, ಕೃತಕ ಕೀಲು ಇದ್ದರೆ 90 ದಿನ. ಲೋಹದ ಮೇಲೆ ಬ್ಯಾಕ್ಟೀರಿಯಾ ಒಂದು ಅಂಟು ಪದರ ಕಟ್ಟಿಕೊಂಡು ಕೂತರೆ ಔಷಧ ಅಲ್ಲಿಗೆ ತಲುಪುವುದೇ ಕಷ್ಟ. ಹಾಗಾಗಿ ಗಾಯ ಸೋರುತ್ತಿದೆಯೆಂದು ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಎರಡು ದಿನ ನುಂಗಿ ನೋಡುವುದು ಕೆಟ್ಟ ಉಪಾಯ. ಅದರಿಂದ ಸೋಂಕು ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ, ಆಮೇಲಿನ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣುವೂ ಸಿಗದೇ ಹೋಗಬಹುದು.

ನಮ್ಮ ಮಳೆಗಾಲದಲ್ಲಿ ಏನೂ ಒಣಗುವುದಿಲ್ಲ ಎಂಬುದು ಗಾಯದ ಮಟ್ಟಿಗೂ ನಿಜ. ಒದ್ದೆಯಾದ ಬ್ಯಾಂಡೇಜನ್ನು ಬಚ್ಚಲೊಲೆಯ ಮೇಲೆ ಒಣಗಿಸಿ ಮತ್ತೆ ಸುತ್ತಬಾರದು, ಹೊಸದನ್ನೇ ಹಾಕಬೇಕು. ಗಾಯದ ಮೇಲೆ ಅರಿಶಿನ, ಬೂದಿ, ಎಣ್ಣೆ, ಸೊಪ್ಪಿನ ಪಟ್ಟು ಯಾವುದೂ ಬೇಡ. ನಾಟಿ ಔಷಧದ ಮೇಲೆ ನನಗೇನೂ ಹಗೆಯಿಲ್ಲ, ನಮ್ಮ ಮನೆಯಲ್ಲೂ ಅದು ನಡೆಯುತ್ತದೆ. ಆದರೆ ಹೊಲಿಗೆ ಹಾಕಿದ, ಒಳಗೆ ಲೋಹವಿರುವ ಕಾಲಿನ ಮೇಲೆ ಅಲ್ಲ.

ಸೋಂಕಿಗಿಂತ ಸದ್ದಿಲ್ಲದೆ ಹಾಳುಮಾಡುವುದು ಪಥ್ಯ. ಆಪರೇಷನ್ ಆದವರಿಗೆ ‘ನಂಜು’ ಆಗುತ್ತದೆಂದು ಬದನೆ, ಕುಂಬಳ, ಮೊಟ್ಟೆ, ಮೀನು, ಬೇಳೆ ಎಂದು ಒಂದೊಂದಾಗಿ ಬಿಡಿಸುತ್ತ ಹೋಗಿ ಕಡೆಗೆ ಗಂಜಿ, ಉಪ್ಪಿನಕಾಯಿ, ತಿಳಿಸಾರಿಗೆ ತಂದು ನಿಲ್ಲಿಸುತ್ತಾರೆ. ಗಾಯ ಕೂಡುವುದು ಪ್ರೋಟೀನಿನಿಂದ. ಚೇತರಿಸಿಕೊಳ್ಳುವ ಹಿರಿಯರಿಗೆ ಮೈತೂಕದ ಒಂದು ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುವುದು ಸಾಮಾನ್ಯ ಸಲಹೆ. ಐವತ್ತು ಕಿಲೋ ತೂಕದವರಿಗೆ ಅದು 60 ಗ್ರಾಂಗೆ ಕಡಿಮೆಯಿಲ್ಲ. ಗಂಜಿ ಊಟದಲ್ಲಿ ಇದರ ಕಾಲುಭಾಗವೂ ಸಿಗುವುದು ಕಷ್ಟ. ಕರಾವಳಿಯವರು ಬಂಗಡೆಯನ್ನು ಬಿಡಬೇಕಾಗಿಲ್ಲ. ಸಸ್ಯಾಹಾರಿಗಳು ಹೆಸರುಕಾಳು, ಮೊಸರು, ಹಾಲು, ಬೇಳೆಯನ್ನು ಹೆಚ್ಚಿಸಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಲಿ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಎಷ್ಟು ಒಳ್ಳೆಯ ಡ್ರೆಸಿಂಗೂ ಸಾಲದು.

ಕವಳದ, ಅಂದರೆ ಎಲೆ ಅಡಿಕೆಯ, ವಿಷಯವನ್ನೂ ಹೇಳಲೇಬೇಕು. ಬೀಡಿ ಸೇದುವುದಿಲ್ಲ, ಕವಳ ಅಷ್ಟೇ ಎನ್ನುವವರ ಕವಳದಲ್ಲಿ ಹೊಗೆಸೊಪ್ಪು ಇರುತ್ತದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಸೇದುವವರಲ್ಲಿ ಮುರಿದ ಮೂಳೆ ಕೂಡುವುದು ನಿಧಾನ, ಗಾಯ ಮಾಯುವುದೂ ನಿಧಾನ. ಊಟದ ಮೇಲೆ ಹೊಗೆಸೊಪ್ಪಿಲ್ಲದ ಕವಳ ಎಂದು ಅಮ್ಮನನ್ನು ಒಪ್ಪಿಸಲು ಅಪ್ಪನಿಗೆ ನಾಲ್ಕು ದಿನ ಬೇಕಾಯಿತು.

ಮಲಗಿಸುವ ರೀತಿಯಲ್ಲೂ ತೊಡಕು ಅಡಗಿದೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರು ಹಾಯೆನಿಸುತ್ತದೆಂದು ಮೊಣಕಾಲಿನ ಅಡಿಗೆ ದಿಂಬು ಇಟ್ಟುಕೊಂಡೇ ಇದ್ದರೆ ಕಾಲು ಪೂರ್ತಿ ನೇರವಾಗುವುದನ್ನೇ ಮರೆಯುತ್ತದೆ. ದಿಂಬು ಇಡುವುದಾದರೆ ಹಿಮ್ಮಡಿಯ ಮೇಲ್ಭಾಗಕ್ಕೆ, ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ. ಹಾಗೆ ಇಟ್ಟರೆ ಹಿಮ್ಮಡಿಯ ಹುಣ್ಣೂ ತಪ್ಪುತ್ತದೆ. ಕಾಲು ಹೊರಕ್ಕೆ ವಾಲಿಕೊಂಡೇ ಮಲಗಿದ್ದರೆ ಅಥವಾ ಪ್ಲಾಸ್ಟರಿನ ಅಂಚು ಒತ್ತಿದರೆ ಮೊಣಕಾಲಿನ ಹೊರಬದಿಯಲ್ಲಿ ಚರ್ಮದ ಕೆಳಗೇ ಹಾದುಹೋಗುವ ನರಕ್ಕೆ ಪೆಟ್ಟಾಗಿ ಪಾದ ಮೇಲಕ್ಕೆತ್ತಲು ಬಾರದಂತಾಗುತ್ತದೆ. ದಿನಕ್ಕೊಮ್ಮೆ ‘ಹೆಬ್ಬೆರಳು ಮೇಲೆತ್ತು’ ಎಂದು ಕೇಳಿದರೆ ಇದು ಬೇಗ ಗೊತ್ತಾಗುತ್ತದೆ. ಸೊಂಟದ ಕೀಲು ಬದಲಾಯಿಸಿದ್ದರೆ ವೈದ್ಯರು ಹೇಳುವಷ್ಟು ವಾರ ಮಣೆಯ ಮೇಲೆ ಕೂರುವುದು, ಈಳಿಗೆಮಣೆ ಹತ್ತಿ ಕಾಯಿ ಹೆರೆಯುವುದು, ಕಾಲ ಮೇಲೆ ಕಾಲು ಹಾಕುವುದು ಯಾವುದೂ ಸಲ್ಲದು; ಸೊಂಟ ತೊಂಬತ್ತು ಡಿಗ್ರಿಗಿಂತ ಹೆಚ್ಚು ಬಾಗಿದರೆ ಕೀಲು ಜಾರಬಹುದು. ಹಠಾತ್ ನೋವಿನೊಂದಿಗೆ ಕಾಲು ಗಿಡ್ಡವಾಗಿ ತಿರುಚಿಕೊಂಡಂತೆ ಕಂಡರೆ ಎಳೆದು ಸರಿಮಾಡಲು ಹೋಗದೆ ಹಾಗೆಯೇ ಆಸ್ಪತ್ರೆಗೆ ಒಯ್ಯಬೇಕು. ರಾಡು ಹಾಕಿದವರಿಗೆ ನಿಯಮ ಬೇರೆಯಾಗಿರಬಹುದು. ಹಾಗಾಗಿ ಬಿಡುಗಡೆಯ ದಿನ ಎರಡು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಕನ್ನಡದಲ್ಲಿ ಬರೆದುಕೊಳ್ಳಬೇಕು: ಒಳಗೆ ಹಾಕಿದ್ದು ಏನು, ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು?

ಹಿರಿಯರಲ್ಲಿ ತೊಡಕು ಕಾಲಿನಲ್ಲೇ ಕಾಣಿಸಬೇಕೆಂದಿಲ್ಲ. ರಾತ್ರಿ ಇದ್ದಕ್ಕಿದ್ದಂತೆ ತಪ್ಪು ಮಾತಾಡುವುದು, ಸತ್ತವರನ್ನು ಕರೆಯುವುದು, ಹಗಲಿಡೀ ಮಂಪರು ಇವನ್ನು ‘ವಯಸ್ಸಾಯಿತಲ್ಲ’ ಎಂದು ತಳ್ಳುತ್ತಾರೆ. ಇದರ ಹಿಂದೆ ನ್ಯುಮೋನಿಯಾ, ಕಟ್ಟಿದ ಮೂತ್ರ, ಸೋಂಕು, ಉಪ್ಪಿನಂಶದ ಏರುಪೇರು ಅಥವಾ ನೋವಿನ ಮಾತ್ರೆಯ ಪ್ರಭಾವ ಇರಬಹುದು, ಮತ್ತು ಇವೆಲ್ಲಕ್ಕೂ ಚಿಕಿತ್ಸೆ ಇದೆ.

ನಲವತ್ತು ದಿನ ಕಳೆದ ಮೇಲೆ ಕಾವಲು ಸಡಿಲಿಸಬಹುದು, ಬಿಡುವಂತಿಲ್ಲ. ತಿಂಗಳುಗಳ ನಂತರವೂ ಹೆಜ್ಜೆ ಊರಿದಾಗ ಮುರಿದ ಜಾಗದಲ್ಲೇ ನೋವಿದ್ದರೆ ಮೂಳೆ ಕೂಡಿಲ್ಲದಿರಬಹುದು. ಮಾಯ್ದ ಗಾಯದ ಬಳಿ ಸಣ್ಣ ರಂಧ್ರ ಬಿದ್ದು ಸೋರಿದರೆ ಆಳದಲ್ಲಿ ಸೋಂಕು ಉಳಿದಿರಬಹುದು. ಎರಡಕ್ಕೂ ಹೊಸ ಎಕ್ಸ್‌ರೇ ಬೇಕು.

ಅಮ್ಮನ ವಿಷಯದಲ್ಲಿ ಎಲ್ಲರೂ ಮರೆತದ್ದು ಇನ್ನೊಂದನ್ನು. ನಿಂತ ಎತ್ತರದಿಂದ ಬಿದ್ದು ಸೊಂಟ ಮುರಿಯಿತೆಂದರೆ ಮೂಳೆ ಮೊದಲೇ ಟೊಳ್ಳಾಗಿತ್ತು ಎಂದರ್ಥ, ಮತ್ತು ಒಮ್ಮೆ ಮುರಿದವರಿಗೆ ಇನ್ನೊಂದು ಬದಿ ಮುರಿಯುವ ಸಂಭವ ಹೆಚ್ಚು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನು, ವಿಟಮಿನ್ ಡಿ ಪರೀಕ್ಷೆ, ಮೂಳೆ ಗಟ್ಟಿಮಾಡುವ ಔಷಧ ಇವುಗಳ ಮಾತನ್ನು ಮೂರನೆಯ ತಿಂಗಳಿನಲ್ಲಿ ನಾವೇ ಎತ್ತಬೇಕಾಯಿತು. ಮುಂದಿನ ಮಳೆಗಾಲಕ್ಕೆ ಮೊದಲು ಅಪ್ಪ ಕೊಟ್ಟಿಗೆಯಿಂದ ಬಚ್ಚಲಿನ ತನಕ ಅಡಿಕೆ ಮರ ಸೀಳಿದ ದಬ್ಬೆ ಹಾಸಿ, ಎಡಬದಿಗೆ ಕೈಯಳತೆಗೆ ಒಂದು ಹಿಡಿಗಳ ಕಟ್ಟಿದ. ಪಾಚಿ ಕೂರದ ಹಾಗೆ ದಬ್ಬೆಗಳನ್ನು ವಾರಕ್ಕೊಮ್ಮೆ ತಿಕ್ಕಿ ತೊಳೆಯುವ ಕೆಲಸ ನನ್ನದು.